ಮಣ್ಣು ಎಷ್ಟೊತ್ತಿಗ್ರಿ?

ಗಂಗಾವತಿಗೆ ಬಂದು ಎರಡು ತಿಂಗಳು ತುಂಬುವ ಮೊದಲೇ ಇಲ್ಲಿನ ಜನ ನನಗೆ ಶ್ರದ್ಧಾಂಜಲಿ ಸಲ್ಲಿಸಿಬಿಟ್ಟರು. ನಾನು ಬದುಕಿಯೇ ಇದ್ದೆ. ಮಹಡಿಯ ಬಾಡಿಗೆ ಕೋಣೆಯಲ್ಲಿ ಕೂತು, ಮೊಬೈಲಿನಲ್ಲಿ ಒಂದರ ಹಿಂದೊಂದು ಬಂದು ಬೀಳುತ್ತಿದ್ದ ಮುಗಿದ ಕೈಗಳ ಚಿತ್ರಗಳನ್ನು ನೋಡಿ ಹಿಗ್ಗುತ್ತಿದ್ದೆ. ಅಂತೂ ಈ ಊರು ನನಗೆ ನಮಸ್ಕಾರ ಹೇಳಿತು ಎಂದುಕೊಂಡೆ. ಆ ಕೈಗಳ ನಡುವೆ ಯಾರೋ ಒಬ್ಬರು ಕೇಳಿದ್ದರು: "ಮಣ್ಣು ಎಷ್ಟೊತ್ತಿಗ್ರಿ?"

ನಾನು ಕೆಲಸಕ್ಕೆ ಸೇರಿದ್ದು ಬೀಜ ಬೆಳೆಯುವ ರೈತರ ಒಂದು ಸಂಘದಲ್ಲಿ. ಅಲ್ಲಿ ಮಣ್ಣು ಪರೀಕ್ಷೆಯೂ ನಡೆಯುತ್ತದೆ. ಹಾಗಾಗಿ ಹುಮ್ಮಸ್ಸಿನಿಂದ ಉತ್ತರ ಬರೆದೆ: "ಸೋಮವಾರ ಬೆಳಿಗ್ಗೆ ಹತ್ತಕ್ಕೆ, ನಮ್ಮ ಕಚೇರಿಯಲ್ಲಿ. ಬರುವವರು ಬಟ್ಟೆ ಚೀಲದಲ್ಲಿ ಅರ್ಧ ಕಿಲೋ ಮಣ್ಣು ತರಬೇಕು."

ನನ್ನೂರು ನರಸೀಪುರದ ಓದುಗರೇ, ನಗಬೇಡಿ. ನಮ್ಮ ಕಡೆಯೂ ಸತ್ತವರನ್ನು ಮಣ್ಣು ಮಾಡುತ್ತಾರೆ. ಆದರೆ ಇಲ್ಲಿ ಇಡೀ ಅಂತ್ಯಕ್ರಿಯೆಗೇ ಮಣ್ಣು ಎಂದು ಹೆಸರು. ಮಣ್ಣಿಗೆ ಹೋಗಿದ್ದೆ ಎಂದರೆ ಸಾವಿಗೆ ಹೋಗಿ ಬಂದೆ ಎಂದರ್ಥ. ಮಣ್ಣು ಎಷ್ಟೊತ್ತಿಗೆ ಎಂದು ಕೇಳಿದವರು ನನ್ನ ಹೆಣ ಎತ್ತುವ ಹೊತ್ತನ್ನು ಕೇಳಿದ್ದರು. ನಾನು ಹೊತ್ತನ್ನೂ ಹೇಳಿ, ಅರ್ಧ ಕಿಲೋ ತನ್ನಿ ಎಂದೂ ಹೇಳಿದ್ದೆ.

ಇಷ್ಟಕ್ಕೆಲ್ಲ ಕಾರಣ ಒಂಟಿತನ ಎಂದರೆ ನೀವು ನಂಬಲಿಕ್ಕಿಲ್ಲ. ಮೈಸೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಸಣ್ಣ ಪತ್ರಿಕೆ ಮುಚ್ಚಿಹೋಯಿತು. ಹೊಸ ಕೆಲಸ ಹುಡುಕುತ್ತಿದ್ದವಳಿಗೆ ಪರಿಚಿತರೊಬ್ಬರು ಈ ಸಂಘದ ವಿಷಯ ಹೇಳಿದರು. ಸಂಘಕ್ಕೆ ಜಾಲತಾಣದಲ್ಲಿ ಒಂದು ಪುಟವಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ರೈತರಿಗಾಗಿ ಮಾಡಿದ್ದು. ಅದನ್ನು ನೋಡಿಕೊಳ್ಳಲು ಕನ್ನಡ ಬರೆಯುವವರು ಬೇಕಾಗಿದ್ದರು. ಕನ್ನಡ ಬರೆಯಲು ನನಗೇನು ಕಷ್ಟ ಎಂದು ರೈಲು ಹತ್ತಿದೆ.

ಸಂಘದ ಅಧ್ಯಕ್ಷರು ವೀರನಗೌಡ್ರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಪುಟವನ್ನು ಸಾವಿರಾರು ಜನ ನೋಡುತ್ತಾರೆ, ಒಬ್ಬರೂ ಮಾತಾಡುವುದಿಲ್ಲ ಎಂಬುದು ಅವರ ಕೊರಗು. ಎಂಗೇಜ್‌ಮೆಂಟು ಹೆಚ್ಚಾಗಬೇಕು, ಜನ ಪ್ರತಿಕ್ರಿಯೆ ಬರೆಯಬೇಕು ಎಂದರು; ದೀಪಾವಳಿಯೊಳಗೆ ಪುಟಕ್ಕೆ ಜೀವ ಬರದಿದ್ದರೆ ಅದನ್ನು ಮುಚ್ಚಿ ನನ್ನನ್ನು ಊರಿಗೆ ಕಳಿಸಿಕೊಡುವುದಾಗಿ ನಗುನಗುತ್ತಲೇ ಹೇಳಿದರು. ಆ ಮಾತನ್ನು ನಾನು ಮನೆಯ ಒಡತಿ ಖಾಜಾಬಿಯವರಿಗೆ ಹೇಳಿದ್ದೇ ತಪ್ಪಾಯಿತು. ಕೆಳಗಿನ ಮನೆಯಲ್ಲಿ ರವಿಕೆ ಹೊಲಿಯುವ ಅವರು ಯಂತ್ರ ನಿಲ್ಲಿಸಿ, ದೀಪಾವಳಿಯೊಳಗೆ ಎಂಗೇಜ್‌ಮೆಂಟು ಆಗಬೇಕಾದರೆ ಹುಡುಗನನ್ನು ಈಗಿಂದಲೇ ನೋಡಬೇಕಲ್ಲ ಎಂದು ಚಿಂತೆಗೆ ಬಿದ್ದರು. ಅದು ಬೇರೆ ಎಂಗೇಜ್‌ಮೆಂಟು ಎಂದು ತಿಳಿಹೇಳಲು ನನಗೆ ಒಂದು ಸಂಜೆಯೇ ಹಿಡಿಯಿತು.

ಮಾತು ಒಂದೇ, ಅರ್ಥ ಬೇರೆ. ಇಲ್ಲಿ ದಿನವೂ ನನ್ನ ಪಾಡು ಇದೇ. ಒಗ್ಗರಣೆ ಎಂದರೆ ನಮಗೆ ಸಾರಿಗೆ ಹಾಕುವ ಸಾಸಿವೆ, ಕರಿಬೇವು. ಇಲ್ಲಿ ಅದು ತಟ್ಟೆಯಲ್ಲಿ ಬರುವ ಮಂಡಕ್ಕಿಯ ತಿಂಡಿ, ಜೊತೆಗೊಂದು ಮಿರ್ಚಿ ಬಜ್ಜಿ. ಪೈಕಿ ಎಂಬ ಪದವನ್ನು ನಾನು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ನೋಡಿದ್ದೆ: ಕೆಳಗಿನವುಗಳ ಪೈಕಿ ಸರಿಯಾದುದನ್ನು ಆರಿಸಿ. ಇಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳುವ ಮೊದಲ ಪ್ರಶ್ನೆಯೇ ನೀವು ಯಾರ ಪೈಕಿ ಎಂಬುದು. ಯಾರ ಮನೆಯವರು, ಯಾರ ಕಡೆಯವರು ಎಂದು. ಯಾರ ಪೈಕಿಯೂ ಅಲ್ಲ ಎಂದರೆ ಅವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುತ್ತದೆ. ಅದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ.

ಮುದ್ದೆ ತಿನ್ನಬೇಕು ಅನ್ನಿಸಿ ಒಮ್ಮೆ ಅಂಗಡಿಯಲ್ಲಿ ರಾಗಿ ಹಿಟ್ಟು ಕೇಳಿದೆ. ಅಂಗಡಿಯವರು ಪ್ರೀತಿಯಿಂದ, ಕೂಸಿಗೆ ಎಷ್ಟು ತಿಂಗಳು ಎಂದು ವಿಚಾರಿಸಿದರು. ಇಲ್ಲಿ ರಾಗಿ ಎಂದರೆ ಎಳೆಮಕ್ಕಳಿಗೆ ಕುಡಿಸುವ ಗಂಜಿ. ಕೂಸಿಗಲ್ಲ, ನನಗೆ ಎನ್ನಲು ನಾಚಿಕೆಯಾಗಿ ಆರು ತಿಂಗಳು ಎಂದು ಸುಳ್ಳು ಹೇಳಿ ತಂದೆ. ಒಬ್ಬಳಿಗೆ ಒಂದೇ ಮುದ್ದೆ ಕಟ್ಟಿದರೆ ಪಾತ್ರೆಯ ತಳ ಸೀಯುತ್ತದೆ, ಇಲ್ಲವೇ ಗಂಟಾಗುತ್ತದೆ. ಅವತ್ತು ಎರಡೂ ಆಯಿತು. ತಟ್ಟೆಯ ಮುಂದೆ ಕೂತು ಚೆನ್ನಾಗಿ ಅತ್ತೆ.

ನರಸೀಪುರದಲ್ಲಿದ್ದಾಗ ಪಕ್ಕದ ಮನೆಯ ಪುಟ್ಟತಾಯಮ್ಮನವರ ಕಾಟಕ್ಕೆ ನಾನು ರೇಗುತ್ತಿದ್ದೆ. ಗೇಟಿನ ಸದ್ದಾದರೆ ಸಾಕು, ಗೋಡೆಯಾಚೆಯಿಂದ ದನಿ ಬರುತ್ತಿತ್ತು: ಬಂದ್ಯಾ ಮಗ, ಊಟ ಆಯ್ತಾ, ಏನ್ ಸಾರು? ದಿನಾ ಇದೇ ವಿಚಾರಣೆಯೇ ಎಂದು ನಾನು ಗೊಣಗುತ್ತಿದ್ದೆ. ಇಲ್ಲಿ ಬೀಗ ತೆಗೆದರೆ ಬೀಗದ ಸದ್ದು ಬಿಟ್ಟು ಬೇರೇನೂ ಇಲ್ಲ. ಖಾಜಾಬಿಯವರು ಒಳ್ಳೆಯವರೇ. ಆದರೆ ಬಂದ ಹೊಸತರಲ್ಲಿ ಅವರ ಹೊಲಿಗೆ ಯಂತ್ರದ ಸದ್ದು ಮಾತ್ರ ಮೇಲಕ್ಕೆ ಬರುತ್ತಿತ್ತು. ನಾನಾಗಿ ಇಳಿದುಹೋಗಿ ಮಾತಾಡುವ ಅಭ್ಯಾಸ ನನಗೂ ಇರಲಿಲ್ಲ.

ಪುಟವೂ ನನ್ನ ಕೋಣೆಯ ಹಾಗೇ ಇತ್ತು. ಬೀಜೋಪಚಾರ, ಸಸಿಮಡಿ, ಕಾಲುವೆಗೆ ನೀರು ಬಿಡುವ ಸುದ್ದಿ ಎಲ್ಲವನ್ನೂ ಕಾಗುಣಿತ ತಪ್ಪದೆ ಬರೆದು ಹಾಕುತ್ತಿದ್ದೆ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಏರುತ್ತಿತ್ತು, ಕೆಳಗೆ ಬರೀ ಬಯಲು. ಯಾವ ಹೊತ್ತಿನಲ್ಲಿ ಹಾಕಿದರೆ ಜನ ಹೆಚ್ಚು, ಚಿತ್ರ ಒಳ್ಳೆಯದೋ ವೀಡಿಯೊ ಒಳ್ಳೆಯದೋ ಎಂದು ಎಲ್ಲೆಲ್ಲೋ ಓದಿ ಎಲ್ಲವನ್ನೂ ಮಾಡಿ ನೋಡಿದೆ. ಸಿಂಹದ ಚಿತ್ರ ಹಾಕಿಕೊಂಡಿದ್ದ 'ಕಿಂಗ್ ಮಂಜ' ಎಂಬುವವರು ಮಾತ್ರ ಪ್ರತಿಯೊಂದಕ್ಕೂ ತಪ್ಪದೆ ಮೆಚ್ಚುಗೆಯ ಹೆಬ್ಬೆರಳು ಒತ್ತುತ್ತಿದ್ದರು. ಕಾರಟಗಿ ಕಡೆಯ ಯಾರೋ ಆಸಕ್ತ ಯುವ ರೈತ ಎಂದು ಗೌಡ್ರಿಗೂ ತೋರಿಸಿದ್ದೆ. ಆಮೇಲೆ ನನ್ನ ತಮ್ಮ ಫೋನಿನಲ್ಲಿ ಹೇಳಿದ: ಅದು ಪುಟ್ಟತಾಯಮ್ಮನವರ ಮೊಮ್ಮಗನ ಖಾತೆ. ನಮ್ಮ ಶಶಿ ಬರೆದದ್ದು ಎಂದು ಆ ಮುದುಕಿ ದಿನಾ ಅವನ ಫೋನು ಕಸಿದುಕೊಂಡು ಒತ್ತುತ್ತಾರಂತೆ. ಅವರಿಗೆ ಗದ್ದೆಯಿಲ್ಲ, ಬೇಸಾಯವಿಲ್ಲ, ಓದಲೂ ಬಾರದು. ನನಗಿದ್ದ ಒಬ್ಬರೇ ಓದುಗರೂ ನನ್ನ ಬೀದಿಯವರೇ ಎಂದು ತಿಳಿದ ದಿನ ಕೆಲಸ ಬಿಡುವ ಯೋಚನೆ ಮಾಡಿದೆ.

ಕೊನೆಯ ಪ್ರಯತ್ನವೆಂದು ನನ್ನನ್ನೇ ಪರಿಚಯ ಮಾಡಿಕೊಳ್ಳೋಣ ಅನ್ನಿಸಿತು. ಹಳೆಯ ಪತ್ರಿಕೆಗೆಂದು ತೆಗೆಸಿದ್ದ ಕಪ್ಪುಬಿಳುಪಿನ ಫೋಟೋ ಇತ್ತು. ಸುತ್ತ ಮಲ್ಲಿಗೆಯ ಅಂಚು ಜೋಡಿಸಿದೆ. ಮಾಹಿತಿ ಬೆಳಕಿನಂತೆ ಎಂಬ ಅರ್ಥದಲ್ಲಿ ಮೂಲೆಗೊಂದು ದೀಪ ಇಟ್ಟೆ. ಕೆಳಗೆ ಬರೆದೆ: 'ಶಶಿಕಲಾ, ತಿ. ನರಸೀಪುರ. ಈ ಊರಿನಲ್ಲಿ ನನಗೆ ಯಾರೂ ಇಲ್ಲ. ನೀವೇ ನನ್ನವರು. ಸದಾ ನಿಮ್ಮೊಂದಿಗೆ.' ಶುಕ್ರವಾರ ಸಂಜೆ ಅದನ್ನು ಹಾಕಿದ ಮೇಲೆ ಮುಗಿದ ಕೈಗಳು ಬರತೊಡಗಿದವು. ಯಾರ ಪೈಕಿ ಎಂದು ಕೆಲವರು ಕೇಳಿದರು. ನಾನು ಮಣ್ಣಿನ ಹೊತ್ತು ತಿಳಿಸಿದ ಮೇಲೆ ಒಬ್ಬರು, ಸೋಮವಾರದ ತನಕ ಇಡುತ್ತಾರೇನು ಎಂದು ಸಂಶಯಪಟ್ಟರು. ಮಕ್ಕಳು ಪರದೇಶದಲ್ಲಿರಬೇಕು, ಬರುವುದು ತಡ ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಅಷ್ಟು ಹೊತ್ತಿಗೆ ನಾನು ತೃಪ್ತಿಯಿಂದ ಫೋನು ಬದಿಗಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಖಾಜಾಬಿಯವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ನನ್ನ ಕೆನ್ನೆ ಮುಟ್ಟಿ ನೋಡಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು.

"ಜೀವಂತ ಅದೀಯಲ್ಲ ಬೇಟಾ," ಎಂದರು. "ಕೊಪ್ಪಳದಿಂದ ನಮ್ಮ ತಂಗಿ ಮಗಳು ಫೋನ್ ಹಚ್ಚಿದ್ಲು. ನಿಮ್ಮ ಬಾಡಿಗಿ ಅಕ್ಕಾರು ಹೋಗಿಬಿಟ್ರಂತ, ನಂಗ ಒಂದ್ ಮಾತು ಹೇಳ್ಲಿಲ್ಲ ಅಂತ ಸಿಟ್ಟಾಗ್ಯಾಳ."

ನಾನು ಫೋನು ತೋರಿಸಿದಾಗ ಅವರು ಮಲ್ಲಿಗೆಯನ್ನೂ ದೀಪವನ್ನೂ ಬೆರಳಿಟ್ಟು ತೋರಿಸಿದರು. ಈ ಕಡೆ ಸತ್ತವರ ಸುದ್ದಿ ಸ್ಟೇಟಸ್‌ಗಳಲ್ಲಿ ಓಡಾಡುವುದು ಹೀಗೇ, ಇದೇ ಹೂವು, ಇದೇ ದೀಪ. ಮಣ್ಣಿನ ಅರ್ಥವನ್ನೂ ಅವರೇ ಹೇಳಿದರು. ನಾನು ತಕ್ಷಣ ಅದನ್ನು ಅಳಿಸಿದೆ. ಆದರೆ ಅಷ್ಟರಲ್ಲಿ ನನ್ನ ಸಾವು ನಾಲ್ಕೂ ತಾಲೂಕು ಸುತ್ತಿ ಬಂದಿತ್ತು. ಸೋಮವಾರ ಗೌಡ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಇಷ್ಟು ಎಂಗೇಜ್‌ಮೆಂಟು ಸಂಘ ಹುಟ್ಟಿದಾಗಿನಿಂದ ಬಂದಿರಲಿಲ್ಲ ಎಂದರು. ನನಗೆ ನಗು ಬರಲಿಲ್ಲ. ಸತ್ತರೆ ಮಾತ್ರ ಮಾತಾಡಿಸುವ ಊರು ಇದು ಎಂದು ಮನಸ್ಸು ಕಹಿಯಾಗಿತ್ತು.

ಹತ್ತರ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ನಿಂತಿದ್ದರು. ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದರಲ್ಲಿ ಬಾಯಿ ಕಟ್ಟಿದ ಬಟ್ಟೆ ಚೀಲ. ಒಳಗೆಲ್ಲ ಕಣ್ಣಾಡಿಸಿ, "ಮಂದಿ ಯಾರೂ ಕಾಣವಲ್ರಲ್ರಿ. ಶಶಿಕಲಾ ಅಂತ ತೀರಿಕೊಂಡ್ರಲ್ಲ, ಅವ್ರ ಮಣ್ಣು ಇಲ್ಲೇ ಏನ್ರಿ?" ಎಂದರು.

"ನಾನೇ ಶಶಿಕಲಾ," ಎಂದೆ. ಅಂಥ ವಾಕ್ಯವನ್ನು ಹೇಗೆ ಹೇಳಬೇಕೆಂದು ಯಾರೂ ಕಲಿಸಿರುವುದಿಲ್ಲ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು. ನಾನು ಕ್ಷಮೆ ಕೇಳಿ ಎಲ್ಲವನ್ನೂ ವಿವರಿಸಿದೆ. ಛಲೋ ಆತು ಬಿಡ್ರಮ್ಮ, ಸತ್ತಿದ್ದು ಸುಳ್ಳಾದರೆ ಒಳ್ಳೆಯದೇ ಅಲ್ಲವೇ ಎಂದರು. ಅವರ ಹೆಸರು ಸತ್ಯನಾರಾಯಣ, ಎಲ್ಲರಿಗೂ ಸತ್ಯಣ್ಣ. ಸಿದ್ದಾಪುರದ ಹತ್ತಿರದ ಒಂದು ಕ್ಯಾಂಪಿನವರು. ಕಾಲುವೆ ಬಂದ ಕಾಲದಲ್ಲಿ ಆಂಧ್ರದ ಕಡೆಯಿಂದ ಬಂದು ನೆಲ ಹಸನು ಮಾಡಿದವರು ಕಟ್ಟಿಕೊಂಡ ಊರುಗಳಿಗೆ ಇಲ್ಲಿ ಇಂದಿಗೂ ಕ್ಯಾಂಪು ಎಂದೇ ಹೆಸರು.

ಗುರುತಿಲ್ಲದವಳ ಸಾವಿಗೆ ಬಸ್ಸು ಹತ್ತಿ ಯಾಕೆ ಬಂದಿರಿ ಎಂದು ಕೇಳಿದೆ.

"ಫೋಟೋದ ಕೆಳಗ ಬರ್ದಿದ್ರಲ್ಲಮ್ಮ, ಈ ಊರಾಗ ನನಗ ಯಾರೂ ಇಲ್ಲ ಅಂತ," ಎಂದರು ಸತ್ಯಣ್ಣ. "ಯಾರೂ ಇಲ್ಲದವ್ರ ಮಣ್ಣಿಗೆ ಒಬ್ರಾದ್ರೂ ಹೋಗಬೇಕಲ್ರಿ."

ಚಹಾ ಕುಡಿಯುತ್ತ ಅವರು ತಮ್ಮ ಅಜ್ಜಿಯ ಕಥೆ ಹೇಳಿದರು. ಕ್ಯಾಂಪು ಕಟ್ಟಿದ ಹೊಸತರಲ್ಲಿ ಜ್ವರ ಬಂದು ಅರ್ಧ ಜನ ಮಲಗಿದ್ದರಂತೆ. ಅಜ್ಜಿ ತೀರಿಕೊಂಡಾಗ ಹೆಗಲು ಕೊಡಲು ನಾಲ್ಕು ಗಂಡಸರು ಸಿಗಲಿಲ್ಲ. ಪಕ್ಕದ ಹಳ್ಳಿಯಿಂದ, ಇವರ ತೆಲುಗು ಒಂದಕ್ಷರವೂ ಅರ್ಥವಾಗದ ಜನ ತಾವಾಗಿಯೇ ಬಂದು ಎತ್ತಿದರು. ಅಂದಿನಿಂದ ಅವರ ಅಪ್ಪ, ಗೊತ್ತಿರಲಿ ಬಿಡಲಿ, ಸುದ್ದಿ ಕೇಳಿದ ಯಾವ ಸಾವನ್ನೂ ತಪ್ಪಿಸುತ್ತಿರಲಿಲ್ಲ. ಈಗ ಮಗ ಸತ್ಯಣ್ಣನೂ ಹಾಗೇ. ಆದರೂ ನಮ್ಮನ್ನು ಇನ್ನೂ ಆಂಧ್ರದವರು ಅಂತಲೇ ಅನ್ನುತ್ತಾರೆ ಎಂದು ಹೇಳಿ ನಕ್ಕರು. ಆ ನಗುವಿನಲ್ಲಿ ದೂರು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಚೀಲದಲ್ಲೇನು ಎಂದು ಕೇಳಿದೆ. ಸತ್ಯಣ್ಣ ಗಂಟು ಬಿಚ್ಚಿದರು. ಮಣ್ಣು! ನಾನು ತರಲು ಹೇಳಿದ್ದೆನಲ್ಲ. ಗುಂಡಿಗೆ ಎಲ್ಲರೂ ಒಂದು ಹಿಡಿ ಹಾಕುವುದು ಇಲ್ಲೂ ಇದೆ. ಮೈಸೂರಿನ ಕಡೆ ಅವರವರ ಊರಿನದನ್ನೇ ತರುವ ಪದ್ಧತಿ ಇರಬೇಕು ಎಂದುಕೊಂಡು ತಮ್ಮ ಹೊಲದಿಂದ ಅರ್ಧ ಕಿಲೋ ತೂಗಿಸಿ ತಂದಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಊರಿಗೆ ಬಂದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು. ಹೇಗೂ ತಂದಿದ್ದೇನೆ, ಪರೀಕ್ಷೆಯನ್ನಾದರೂ ಮಾಡಿ ಎಂದರು ಅವರು.

ಹೊರಡುವ ಮುಂಚೆ ಇನ್ನೊಂದು ಮಾತು ಕೇಳಿದೆ. ಪುಟದಲ್ಲಿ ನಾನು ಬರೆದದ್ದನ್ನೆಲ್ಲ ಅವರು ಓದಿದ್ದರು. ಸಸಿಮಡಿಯನ್ನು ನಾನು ಹೇಳಿದಂತೆಯೇ ಮಾಡಿದ್ದರು. ಮತ್ತೆ ಒಂದು ದಿನವೂ ಏಕೆ ಏನೂ ಬರೆಯಲಿಲ್ಲ?

"ನೀವು ಹೇಳಾಕ ಹತ್ತಿದ್ರಿ, ನಾವು ಕೇಳಾಕ ಹತ್ತಿದ್ವಿ. ನಡುವ ಬಾಯಿ ಹಾಕೂದು ಹೆಂಗ್ರಿ? ನೀವು ಒಂದಿನಾರ ನಮ್ಮನ್ನ ಮಾತಾಡ್ಸೀರೇನು?"

ಸಾವಿಗೆಂದು ತಂದ ಹಾರವನ್ನು ಮನೆಗೆ ಒಯ್ಯುವಂತಿಲ್ಲ, ದೇವರಿಗೆ ಹಾಕುವಂತಿಲ್ಲ. ಅವರ ಜೊತೆ ಕಾಲುವೆಯ ಸೇತುವೆಯವರೆಗೂ ನಡೆದೆ. ಹಾರವನ್ನು ನೀರಿಗೆ ಬಿಟ್ಟು ಅವರು ಬಸ್ಸು ಹಿಡಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಮಾತಾಡಿಸುವುದು ಎಂಬ ಪದವೇ ತಲೆಯಲ್ಲಿತ್ತು. ಇಲ್ಲಿ ಯಾರನ್ನಾದರೂ ನೋಡಲು ಹೋಗುವುದಕ್ಕೂ ಮಾತಾಡಿಸಿಕೊಂಡು ಬರುವುದು ಎನ್ನುತ್ತಾರೆ, ದುಃಖದಲ್ಲಿದ್ದವರ ಮನೆಗೆ ಹೋಗುವುದಕ್ಕೂ ಅದೇ ಮಾತು. ಗೌಡ್ರ ಎಂಗೇಜ್‌ಮೆಂಟಿಗೆ ಕನ್ನಡ ಸಿಕ್ಕಿತ್ತು. ಪುಟ್ಟತಾಯಮ್ಮ ಗೋಡೆಯಾಚೆಯಿಂದ ಮಾಡುತ್ತಿದ್ದದ್ದೂ ಅದನ್ನೇ, ನಾನು ಕಾಟ ಎಂದುಕೊಂಡಿದ್ದೆ.

ಸತ್ಯಣ್ಣನ ಹೊಲದಲ್ಲಿ ಸತುವಿನ ಅಂಶ ಕಡಿಮೆ ಎಂದು ಗೊತ್ತಾಯಿತು. ಅವರನ್ನು ಕೇಳಿಯೇ ಅದನ್ನು ಪುಟಕ್ಕೆ ಹಾಕಿದೆ; ಯಾರ ಹೊಲ, ಯಾವ ಕ್ಯಾಂಪು ಎಂದೂ ಬರೆದು, ಕೊನೆಯಲ್ಲಿ 'ನಿಮ್ಮ ಹೊಲದ ಪೈರಿನ ಸ್ಥಿತಿಯನ್ನು ತಿಳಿಸುವಿರಾ?' ಎಂದು ಸೇರಿಸಿದೆ. ಖಾಜಾಬಿಯವರು ಓದಿಸಿ ಕೇಳಿ, ಇದು ಸಾಲಿ ಮಾಸ್ತರು ಕೇಳಿದಂತಿದೆ ಎಂದರು. ಆಮೇಲೆ ಅವರ ಬಾಯಿಂದ ಬಂದದ್ದನ್ನೇ ಬರೆದೆ: 'ನಿಮ್ಮ ಕಡಿ ಹೆಂಗೈತ್ರಿ?'

ಅಷ್ಟೇ ಸಾಕಾಯಿತು. ಎಲೆ ಹಳದಿಯಾದ ಫೋಟೋಗಳು ಬಂದವು, ಧ್ವನಿಯ ತುಣುಕುಗಳು ಬಂದವು. ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಟ್ಟರು. ಸತ್ತು ಬದುಕಿದ ಅಕ್ಕಾರು ಎಂದು ನನ್ನನ್ನು ರೇಗಿಸಿದರು. ಒಂದು ದಿನ ಯಲಬುರ್ಗಾದ ರೈತರೊಬ್ಬರು ಬರೆದರು, ಬರೀ ನೀರಾವರಿ ಮಂದಿಯನ್ನು ಮಾತಾಡಿಸುತ್ತೀರಿ, ಮಳೆಯನ್ನೇ ನಂಬಿದ ಎರೆ ಹೊಲದ ನಮ್ಮನ್ನು ಯಾರು ಕೇಳುತ್ತಾರೆ ಎಂದು. ಅದೂ ನಿಜವಾಗಿತ್ತು. ಬಸ್ಸು ಹತ್ತಿ ಯಲಬುರ್ಗಾಕ್ಕೆ ಹೋದೆ, ಅಲ್ಲಿಂದ ಕುಷ್ಟಗಿಗೆ. ಸಜ್ಜೆಯ ಹೊಲದಲ್ಲಿ ನಿಂತು ಅವರ ಮಾತನ್ನು ಫೋನಿಗೆ ತುಂಬಿಕೊಂಡು ಬಂದೆ. ಹೋದಲ್ಲೆಲ್ಲ ಯಾರ ಪೈಕಿ ಎಂದು ಕೇಳಿದರು. ಈಗ ನಾನು ಕಿಟಕಿಯ ಕಡೆ ತಿರುಗದೆ, ಸಿದ್ದಾಪುರದ ಸತ್ಯಣ್ಣ ಗೊತ್ತಾ, ಗಂಗಾವತಿಯ ಖಾಜಾಬಿ ಗೊತ್ತಾ ಎಂದು ಮರುಪ್ರಶ್ನೆ ಹಾಕುವುದು ಕಲಿತಿದ್ದೆ. ದೀಪಾವಳಿ ಬಂತು, ಹೋಯಿತು. ಗೌಡ್ರು ಪುಟ ಮುಚ್ಚುವ ಮಾತೆತ್ತಲಿಲ್ಲ. ನಾನು ಇಲ್ಲೇ ಉಳಿದೆ.

ಗೆದ್ದೆ ಎಂದೇ ಹೇಳಬೇಕು. ಆದರೂ ಸಂಜೆ ಬೀಗ ತೆಗೆದಾಗ ಕೋಣೆ ಹಾಗೇ ಇರುತ್ತಿತ್ತು. ಪುಟದಲ್ಲಿ ನೂರಾರು ಜನ ಊಟ ಆತೇನ್ರಿ ಎಂದು ಕೇಳುತ್ತಾರೆ, ಆತ್ರಿ ಎಂದು ಬರೆಯುತ್ತೇನೆ, ಬರೆದು ಒಬ್ಬಳೇ ತಟ್ಟೆ ಹಾಕಿಕೊಳ್ಳುತ್ತೇನೆ. ಪರೀಕ್ಷೆಗೆ ಒಂದಿಷ್ಟು ತೆಗೆದು ಉಳಿದ ಸತ್ಯಣ್ಣನ ಮಣ್ಣನ್ನು ಚೆಲ್ಲಲು ಮನಸ್ಸಾಗದೆ ಕೋಣೆಗೆ ತಂದು ಕಿಟಕಿಯ ಬಳಿ ಇಟ್ಟಿದ್ದೆ. ನನ್ನನ್ನು ಹುಡುಕಿಕೊಂಡು ಬಂದ ಒಂದು ವಸ್ತು ಈ ಕೋಣೆಯಲ್ಲಿ ಇರಲಿ ಎಂದು ಅನ್ನಿಸಿತ್ತು.

ಕಾರ್ತಿಕ ಕಳೆದ ಮೇಲೆ ಒಂದು ಬೆಳಿಗ್ಗೆ ತಮ್ಮನ ಫೋನು ಬಂತು. ಪುಟ್ಟತಾಯಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

"ಮಣ್ಣು ಎಷ್ಟೊತ್ತಿಗೆ?" ಎಂದು ಕೇಳಿದೆ.

"ಯಾವ ಮಣ್ಣು ಕಣಕ್ಕ?" ಎಂದ.

ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂದು ನಮ್ಮ ಮಾತಿನಲ್ಲಿ ತಿರುಗಿ ಕೇಳಬೇಕಾಯಿತು. ಮಧ್ಯಾಹ್ನದೊಳಗೆ ಎಂದ. ನೀನು ಹೊರಟರೂ ಸಿಗೋದಿಲ್ಲ, ಸುಮ್ನೆ ಬರಬೇಡ ಎಂದ. ನಿಜ. ಗಂಗಾವತಿಯಿಂದ ನರಸೀಪುರಕ್ಕೆ ಒಂದು ಹಗಲು ಸಾಲದು. ಇಲ್ಲಿ ನಾಲ್ಕು ತಾಲೂಕಿನ ಯಾರ ಮಣ್ಣಿಗಾದರೂ ಹೋಗಬಲ್ಲೆ. ನನ್ನ ಗೇಟಿನ ಸದ್ದಿಗೆ ಕಾಯುತ್ತಿದ್ದವರ ಮಣ್ಣು ನನಗೆ ಸಿಗಲಿಲ್ಲ. ಹಿಂದಿನ ದಿನ ಪುಟಕ್ಕೆ ಹಾಕಿದ್ದನ್ನು ತೆರೆದು ನೋಡಿದೆ. ನೂರಾರು ಹೆಸರುಗಳ ನಡುವೆ ಎಲ್ಲೋ ಕೆಳಗೆ ಕಿಂಗ್ ಮಂಜನ ಸಿಂಹವೂ ಇತ್ತು. ಮಂದಿ ಹೆಚ್ಚಾದ ಮೇಲೆ ನಾನು ಅದನ್ನು ಹುಡುಕುವುದನ್ನೇ ಬಿಟ್ಟಿದ್ದೆ.

ಕೆಳಗಿಳಿದು ಖಾಜಾಬಿಯವರಿಗೆ ಹೇಳಿದೆ. ಅವರು ಹೊಲಿಗೆ ನಿಲ್ಲಿಸಿ, "ನಿನಗ ಯಾರ ಪೈಕಿ ಅವ್ರು?" ಎಂದರು.

"ಪೈಕಿ ಏನೂ ಅಲ್ಲಮ್ಮ. ನನ್ನ ಮಾತಾಡಿಸ್ತಿದ್ರು."

"ಮತ್ತ ಇನ್ನೇನು ಬೇಕು," ಎಂದು ಅವರು ಎದ್ದು ಚಪ್ಪಲಿ ಮೆಟ್ಟಿದರು. "ನಮ್ಮ ಮಂದ್ಯಾಗೂ ಗುಂಡಿಗೆ ಒಂದ್ ಹಿಡಿ ಹಾಕೂದಕ್ಕ ಮಣ್ಣು ಕೊಡೂದು ಅಂತೀವಿ. ಸಿಗಲಿಲ್ಲಂದ್ರ ಇಲ್ಲಿಂದನ ಕೊಡು, ನಡಿ."

ಮಹಡಿಗೆ ಹೋಗಿ ಕಿಟಕಿಯ ಬಳಿಯ ಚೀಲ ತಂದೆ. ಕಾಲುವೆಯಲ್ಲಿ ಇನ್ನೂ ನೀರಿತ್ತು. ಸೇತುವೆಯ ಪಕ್ಕದ ಮೆಟ್ಟಿಲು ಇಳಿದು, ನರಸೀಪುರದ ಪುಟ್ಟತಾಯಮ್ಮನಿಗೆಂದು ಸಿದ್ದಾಪುರದ ಮಣ್ಣನ್ನು ಒಂದು ಹಿಡಿ ನೀರಿಗೆ ಬಿಟ್ಟೆ. ಈ ನೀರು ಭತ್ತದ ಗದ್ದೆಗಳಿಗೆ ಹೋಗುತ್ತದೆ, ನಮ್ಮೂರ ಕಾವೇರಿಗಲ್ಲ. ಖಾಜಾಬಿಯವರು ಸೆರಗು ತಲೆಗೆ ಹೊದ್ದು ಏನನ್ನೋ ಮೆಲ್ಲಗೆ ಹೇಳಿಕೊಂಡರು. ನಾನು ಜೋರಾಗಿ ಅತ್ತೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಸೈಕಲ್ಲು ನಿಲ್ಲಿಸಿ, ಯಾರು ಹೋದರೆಂದು ವಿಚಾರಿಸಿದರು.

ನಾಳೆ ನಾನೇ ನಿಜವಾಗಿ ಹೋದರೂ ಮಣ್ಣು ಎಷ್ಟೊತ್ತಿಗೆ ಎಂದು ಕೇಳಿಕೊಂಡು ಬರುವವರು ಇಲ್ಲಿದ್ದಾರೆ, ಆ ಧೈರ್ಯ ಈಗ ನನಗಿದೆ. ಮಣ್ಣು ಯಾವ ಊರಲ್ಲಿ ಎಂದು ಕೇಳಿದರೆ ಮಾತ್ರ ಏನು ಬರೆಯಬೇಕೋ ಗೊತ್ತಿಲ್ಲ.